ಆಯ್ಕೆಯ ಅಂಚು, ಬೆಳಕಿನ ಅಂಚು: ಫೋಟೋದಿಂದ ಹೊರಗೆರೆ ತೆಗೆಯುವ ಬಗೆ

ಎದುರಿನ ಕಂಪ್ಯೂಟರ್ ತೆರೆಯ ಮೇಲಿರುವುದು ಯಕ್ಷಗಾನದ ತೆಂಕುತಿಟ್ಟಿನ ಒಂದು ಬಣ್ಣದ ವೇಷದ ಫೋಟೋ. ರಾತ್ರಿಯ ಆಟ, ಹಿಂದೆ ನೀಲಿ ಬಟ್ಟೆ, ಮೇಲಿನಿಂದ ಟ್ಯೂಬ್‌ಲೈಟು. "ಇದಕ್ಕೊಂದು ಔಟ್‌ಲೈನ್ ಮಾಡಿ ಕೊಡಿ" ಎಂದು ಮೂವರು ಬಂದು ಕೇಳಿದರು ಎಂದಿಟ್ಟುಕೊಳ್ಳಿ. ಮೊದಲನೆಯವರಿಗೆ ಬೇಕಾದದ್ದು ಫ್ಲೆಕ್ಸ್‌ನಲ್ಲಿ ವೇಷದ ಸುತ್ತ ಒಂದು ದಪ್ಪ ಬಿಳಿ ಅಂಚು. ಎರಡನೆಯವರು ಶಾಲೆಯ ಟೀಚರು, ಅವರಿಗೆ ಮಕ್ಕಳು ಬಣ್ಣ ತುಂಬುವಂಥ ಗೆರೆಚಿತ್ರ ಬೇಕು. ಮೂರನೆಯವರದು ಸ್ಟಿಕ್ಕರ್ ಅಂಗಡಿ, ಯಂತ್ರದ ಬ್ಲೇಡು ಓಡುವ ದಾರಿ ಬೇಕು. ಮೂವರೂ ಹೇಳಿದ್ದು ಒಂದೇ ಶಬ್ದ. ಕೆಲಸ ಮಾತ್ರ ಮೂರು ಬಗೆ.

ಈ ಮೂರನ್ನೂ ಒಂದೇ ಗುಂಡಿಯಿಂದ ಮಾಡಲು ಹೊರಟಲ್ಲಿ ಹೆಚ್ಚಿನ ತೊಂದರೆ ಶುರುವಾಗುತ್ತದೆ. ಫಿಲ್ಟರ್ ಮೆನುವಿನಲ್ಲಿ 'ಎಡ್ಜ್' ಎಂದು ಕಾಣುತ್ತದೆ, ಒತ್ತಿ ನೋಡುತ್ತೇವೆ, ಚಿತ್ರವಿಡೀ ಇರುವೆ ಮುತ್ತಿದ ಹಾಗಾಗುತ್ತದೆ. ಸಾಫ್ಟ್‌ವೇರ್ ಸರಿಯಿಲ್ಲ ಅಂದುಕೊಳ್ಳುತ್ತೇವೆ. ಆದರೆ ಅದು ಕೇಳಿದ್ದನ್ನೇ ಕೊಟ್ಟಿದೆ. ಅದಕ್ಕೆ ವೇಷವೂ ಗೊತ್ತಿಲ್ಲ, ಕಿರೀಟವೂ ಗೊತ್ತಿಲ್ಲ. ಪ್ರತಿ ಚುಕ್ಕೆಯ (ಪಿಕ್ಸೆಲ್) ಬೆಳಕಿಗೂ 0ಯಿಂದ 255ರ ತನಕ ಒಂದು ಸಂಖ್ಯೆ ಇದೆ. ಪಕ್ಕಪಕ್ಕದ ಸಂಖ್ಯೆಗಳು ಎಲ್ಲಿ ಥಟ್ಟನೆ ಬದಲಾಗುತ್ತವೋ ಅಲ್ಲಿ ಅದು ಗೆರೆ ಎಳೆಯುತ್ತದೆ. ಬೇಕಲ ಕೋಟೆಯ ಫೋಟೋಗೆ ಅದೇ ಫಿಲ್ಟರ್ ಹಾಕಿ ನೋಡಿ. ಮುರಕಲ್ಲಿನ ಒಂದೊಂದು ತೂತಿಗೂ ಒಂದೊಂದು ಗೆರೆ ಬರುತ್ತದೆ, ಬುರುಜಿನ ಆಕಾರ ಮಾತ್ರ ಕಾಣೆಯಾಗುತ್ತದೆ. ನೆರಳಿಗೂ ಗೆರೆ ಬರುತ್ತದೆ, ಗೋಡೆಯ ಪಾಚಿಗೂ ಬರುತ್ತದೆ. ಬಿಳಿ ಮೋಡದ ಮುಂದೆ ಬಿಳಿ ಪಂಚೆಯವರು ನಿಂತಿದ್ದರೆ ಅವರಿಗೆ ಮಾತ್ರ ಗೆರೆಯಿಲ್ಲ.

ಹಾಗಾಗಿ ಅಂಚು ಎರಡು ಬಗೆ ಎಂದು ಇಟ್ಟುಕೊಳ್ಳೋಣ. ಒಂದು ಆಯ್ಕೆಯ ಅಂಚು: ವಸ್ತು ಇಲ್ಲಿಗೆ ಮುಗಿಯಿತು ಎಂದು ನೀವು ತೀರ್ಮಾನಿಸಿ ಹಾಕುವ ಗಡಿ. ಇನ್ನೊಂದು ಬೆಳಕಿನ ಅಂಚು: ಸಾಫ್ಟ್‌ವೇರ್ ತಾನಾಗಿ ಕಾಣುವ ಏರಿಳಿತ. ಫ್ಲೆಕ್ಸಿಗೂ ಸ್ಟಿಕ್ಕರಿಗೂ ಬೇಕಾದದ್ದು ಮೊದಲಿನದು. ಗೆರೆಚಿತ್ರಕ್ಕೆ ಎರಡೂ ಬೇಕು.

ಆಯ್ಕೆಯಿಂದಲೇ ಆರಂಭಿಸುವ, ಏಕೆಂದರೆ ಕೆಲಸದ ಮುಕ್ಕಾಲು ಪಾಲು ಅಲ್ಲೇ ಇದೆ. ಫೋಟೋಶಾಪ್‌ನಲ್ಲಿ 2018ರಿಂದ 'ಸೆಲೆಕ್ಟ್ ಸಬ್ಜೆಕ್ಟ್' ಇದೆ, ಒಂದೇ ಕ್ಲಿಕ್ಕಿಗೆ ಮನುಷ್ಯನ ಆಕಾರವನ್ನು ಹಿಡಿಯುತ್ತದೆ. ಪಾಸ್‌ಪೋರ್ಟ್ ಫೋಟೋದ ಥರದ ಚಿತ್ರಕ್ಕೆ ಅದು ಧಾರಾಳ ಸಾಕು. ವೇಷಕ್ಕೆ ಸಾಲದು. ಕಿರೀಟದ ಅಂಚಿನ ಸಣ್ಣ ಕೆಲಸ, ಭುಜಕೀರ್ತಿಯ ತುದಿ, ಕೈಯ ಬಿಲ್ಲು, ತೋಳಿಗೂ ಸೊಂಟಕ್ಕೂ ನಡುವಿನ ಸಂದು, ಇವುಗಳಲ್ಲಿ ಯಾವುದಾದರೂ ಒಂದು ಬಿಟ್ಟುಹೋಗುತ್ತದೆ. ಅದು ಕೊಟ್ಟದ್ದನ್ನು ಮೊದಲ ಕರಡು ಎಂದು ತೆಗೆದುಕೊಳ್ಳಿ. ಸಂದುಗಳನ್ನು ಕೈಯಲ್ಲೇ ತಿದ್ದಬೇಕು.

ನಿಜವಾಗಿ ನಂಬಬಹುದಾದ ಹತ್ಯಾರು ಪಾತ್. ಫೋಟೋಶಾಪ್‌ನಲ್ಲಿ 'ಪೆನ್ ಟೂಲ್' ಎನ್ನುತ್ತಾರೆ, 'ಪಿ' ಕೀಲಿ. ಉಚಿತವಾಗಿ ಸಿಗುವ ಗಿಂಪ್‌ನಲ್ಲಿ 'ಪಾತ್ಸ್', 'ಬಿ' ಕೀಲಿ. ಕ್ಲಿಕ್ ಮಾಡಿದಲ್ಲಿ ಒಂದು ಬಿಂದು ಬೀಳುತ್ತದೆ, ಒತ್ತಿ ಎಳೆದರೆ ಆ ಬಿಂದುವಿಗೆ ಎರಡು ಕೈ ಮೂಡುತ್ತವೆ. ಕೈ ಎತ್ತ ತಿರುಗಿದೆಯೋ ಅತ್ತ ಗೆರೆ ಬಾಗುತ್ತದೆ. ಈ ಬಾಗುಗೆರೆಗೆ ಬೆಝಿಯೆ ಎಂಬ ಹೆಸರು ಬಂದದ್ದು ಫ್ರಾನ್ಸಿನ ರೆನೋ ಕಾರು ಕಂಪೆನಿಯ ಇಂಜಿನಿಯರ್ ಪಿಯೆರ್ ಬೆಝಿಯೆ ಅವರಿಂದ. 1960ರ ದಶಕದಲ್ಲಿ ಕಾರಿನ ಮೈಯ ತಿರುವುಗಳನ್ನು ಲೆಕ್ಕದಲ್ಲಿ ಹಿಡಿಯಲು ಅವರು ಇದನ್ನು ಬಳಸಿದರು. ಅವರಿಗಿಂತ ಸ್ವಲ್ಪ ಮೊದಲೇ ಸಿತ್ರೊಯೆನ್ ಕಂಪೆನಿಯ ಪೋಲ್ ದ ಕಾಸ್ತೆಲ್ಜೊ ಇದೇ ಗೆರೆಯನ್ನು ಕಂಡುಕೊಂಡಿದ್ದರು. ಕಂಪೆನಿ ಗುಟ್ಟಾಗಿಟ್ಟ ಕಾರಣ ಹೆಸರು ಇನ್ನೊಬ್ಬರದಾಯಿತು. ಕಾರಿಗೆ ಹುಟ್ಟಿದ ಗೆರೆ ಈಗ ನಮ್ಮ ಬ್ರಹ್ಮಕಲಶದ ಆಮಂತ್ರಣದಲ್ಲಿ ಕೂತಿದೆ.

ಹೊಸಬರು ಮಾಡುವ ತಪ್ಪು ಒಂದೇ, ಬಿಂದುಗಳನ್ನು ಅಕ್ಕಿ ಚೆಲ್ಲಿದ ಹಾಗೆ ಹಾಕುವುದು. ಮಧೂರು ದೇವಸ್ಥಾನದ ಗಜಪೃಷ್ಠದ ಮಾಡನ್ನು ನೋಡಿ. ಆನೆಯ ಬೆನ್ನಿನ ಹಾಗೆ ಒಂದೇ ಉಸಿರಿನಲ್ಲಿ ಬಾಗಿ ಬರುವ ಆಕಾರ. ಇಂಥ ಬಾಗಿಗೆ ನಲ್ವತ್ತು ಬಿಂದು ಹಾಕಿದರೆ ಅಂಚು ನಡುಗಿದ ಹಾಗೆ ಕಾಣುತ್ತದೆ. ಬಾಗು ಎಲ್ಲಿ ದಿಕ್ಕು ಬದಲಿಸುತ್ತದೋ ಅಲ್ಲಿ ಒಂದು, ಮೂಲೆಯಿದ್ದಲ್ಲಿ ಒಂದು, ಅಷ್ಟೇ ಸಾಕು. ಕೈಯ ಉದ್ದ ಪಕ್ಕದ ಬಿಂದುವಿನವರೆಗಿನ ದೂರದ ಮೂರನೇ ಒಂದು ಪಾಲಿನ ಆಸುಪಾಸು ಇರಲಿ. ಉರುಟಾದ ವಸ್ತು, ಉದಾಹರಣೆಗೆ ಚೆಂಡೆಯ ಮುಖವನ್ನು ನೇರ ಎದುರಿನಿಂದ ತೆಗೆದ ಫೋಟೋ ಆದರೆ ನಾಲ್ಕೇ ಬಿಂದು ಸಾಕು: ಮೇಲೆ, ಕೆಳಗೆ, ಎಡ, ಬಲ. ಪ್ರತಿ ಕೈಯ ಉದ್ದ ತ್ರಿಜ್ಯದ 0.55 ಪಾಲು. ತ್ರಿಜ್ಯ 100 ಪಿಕ್ಸೆಲ್ ಇದ್ದರೆ ಕೈ 55. ಕಣ್ಣಿಗೆ ಪೂರ್ತಿ ವೃತ್ತವೇ ಸಿಗುತ್ತದೆ.

ಚಿತ್ರವನ್ನು 200 ಶೇಕಡಕ್ಕೆ ಹಿಗ್ಗಿಸಿ ಕೆಲಸ ಮಾಡಿ. 800ಕ್ಕೆ ಹೋದರೆ ಅಂಚು ಕಾಣುವುದಿಲ್ಲ, ಬರೀ ಚೌಕಗಳು ಕಾಣುತ್ತವೆ. ಗೆರೆಯನ್ನು ವಸ್ತುವಿನ ತುದಿಯ ಮೇಲೆ ಎಳೆಯದೆ ಒಂದು ಪಿಕ್ಸೆಲ್ ಒಳಗೆ ಎಳೆಯಿರಿ. ತುದಿಯ ಪಿಕ್ಸೆಲ್‌ನಲ್ಲಿ ವಸ್ತುವಿನ ಬಣ್ಣವೂ ಹಿನ್ನೆಲೆಯ ಬಣ್ಣವೂ ಬೆರೆತಿರುತ್ತವೆ. ಈ ವೇಷದ ಹಿಂದೆ ನೀಲಿ ಬಟ್ಟೆಯಿದೆಯಲ್ಲ, ತುದಿಯಲ್ಲೇ ಕತ್ತರಿಸಿದರೆ ಕಿರೀಟದ ಸುತ್ತ ನೀಲಿ ಕೊಳೆ ಅಂಟಿಕೊಂಡು ಬರುತ್ತದೆ. ಅದರ ಹೊರಗೆ ಬಿಳಿ ಅಂಚು ಹಾಕಿದಾಗಲಂತೂ ಮುಚ್ಚಿಡಲು ಆಗುವುದಿಲ್ಲ. ಗಿಂಪ್ 2.10ರಲ್ಲಿ ಕಂಟ್ರೋಲ್ ಒತ್ತಿಕೊಂಡು ಮೊದಲ ಬಿಂದುವನ್ನು ಕ್ಲಿಕ್ ಮಾಡಿದರೆ ಪಾತ್ ಮುಚ್ಚುತ್ತದೆ, ಎಂಟರ್ ಒತ್ತಿದರೆ ಅದು ಸೆಲೆಕ್ಷನ್ ಆಗುತ್ತದೆ.

ಸೆಲೆಕ್ಷನ್ ಆದೊಡನೆ ಸುತ್ತ ಚುಕ್ಕೆಗೆರೆ ಓಡುವುದನ್ನು ನೋಡುತ್ತೀರಿ. ಆ ಗೆರೆಯನ್ನು ಪೂರ್ತಿ ನಂಬಬೇಡಿ. ಸೆಲೆಕ್ಷನ್ ಎಂದರೆ ಹೌದು–ಇಲ್ಲ ಎಂಬ ಎರಡೇ ಮಾತಲ್ಲ. ಅರ್ಧ ಆಯ್ಕೆ, ಕಾಲು ಆಯ್ಕೆ ಎಂದೂ ಇದೆ. ಓಡುವ ಚುಕ್ಕೆಗೆರೆ ತೋರಿಸುವುದು ಅರ್ಧಕ್ಕಿಂತ ಹೆಚ್ಚು ಆಯ್ಕೆಯಾದ ಪಿಕ್ಸೆಲ್‌ಗಳ ಗಡಿಯನ್ನು ಮಾತ್ರ. 'ಫೆದರ್' (ಅಂಚನ್ನು ಮೆತ್ತಗಾಗಿಸುವ ಅಳತೆ) 10 ಎಂದು ಇಟ್ಟಿದ್ದರೂ ಚುಕ್ಕೆಗೆರೆ ಚೂಪಾಗಿಯೇ ಕಾಣುತ್ತದೆ, ಅಂಚು ಹಾಕಿದ ಮೇಲೆ ಮಂಜು ಕವಿದ ಹಾಗೆ ಬರುತ್ತದೆ. ಗಿಂಪ್‌ನಲ್ಲಿ 'ಸೆಲೆಕ್ಟ್' ಮೆನುವಿನ 'ಶಾರ್ಪನ್' ಒತ್ತಿದರೆ ಈ ಮಂಜು ಹೋಗುತ್ತದೆ.

ಇನ್ನು ಬಿಳಿ ಅಂಚು. ಗಿಂಪ್‌ನಲ್ಲಿ 'ಎಡಿಟ್' ಮೆನುವಿನಲ್ಲಿ 'ಸ್ಟ್ರೋಕ್ ಸೆಲೆಕ್ಷನ್' ಇದೆ, ಹೆಚ್ಚಿನವರು ನೇರ ಅಲ್ಲಿಗೆ ಹೋಗುತ್ತಾರೆ. ಅದು ಗಡಿಯ ಮೇಲೆ ನಡುವಿಟ್ಟು ಎಳೆಯುತ್ತದೆ. 20 ಪಿಕ್ಸೆಲ್ ಕೊಟ್ಟರೆ 10 ಹೊರಗೆ, 10 ಒಳಗೆ. ಒಳಗಿನ 10 ವಸ್ತುವನ್ನೇ ತಿನ್ನುತ್ತದೆ, ಬೆರಳು ಸಪೂರವಾಗುತ್ತದೆ, ಮುಖದ ಅಂಚು ಹೋಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಹೀಗಿದೆ. ಕತ್ತರಿಸಿದ ವಸ್ತು ತನ್ನದೇ ಲೇಯರ್‌ನಲ್ಲಿ, ಅಂದರೆ ಬೇರೆಯೇ ಪದರದಲ್ಲಿರಲಿ. ಲೇಯರ್ ಮೇಲೆ ಬಲ ಕ್ಲಿಕ್ ಮಾಡಿ 'ಆಲ್ಫಾ ಟು ಸೆಲೆಕ್ಷನ್' ಒತ್ತಿ, ವಸ್ತುವಿನ ಆಕಾರವೇ ಸೆಲೆಕ್ಷನ್ ಆಗುತ್ತದೆ. ಆಮೇಲೆ 'ಸೆಲೆಕ್ಟ್' ಮೆನುವಿನಿಂದ 'ಗ್ರೋ' ಒತ್ತಿ ಅದನ್ನು ಬೇಕಾದಷ್ಟು ಪಿಕ್ಸೆಲ್ ಹಿಗ್ಗಿಸಿ. ವಸ್ತುವಿನ ಲೇಯರ್‌ನ ಕೆಳಗೆ ಒಂದು ಹೊಸ ಖಾಲಿ ಲೇಯರ್ ಮಾಡಿ, ಅದರಲ್ಲಿ ಬಿಳಿ ತುಂಬಿ. ವಸ್ತುವಿನ ಒಂದು ಕೂದಲೂ ಕೊಂಕುವುದಿಲ್ಲ, ಅಂಚಿನ ಬಣ್ಣವನ್ನು ಯಾವಾಗ ಬೇಕಾದರೂ ಬದಲಿಸಬಹುದು. ತೋಳಿನ ಸಂದಿನಂಥ ಪುಟ್ಟ ಕಿಂಡಿಗಳು ಅರೆಬರೆ ಮುಚ್ಚಿ ಹಲ್ಲು ಬಿದ್ದ ಹಾಗೆ ಕಂಡರೆ ಬಿಳಿ ತುಂಬುವ ಮೊದಲು 'ರಿಮೂವ್ ಹೋಲ್ಸ್' ಒತ್ತಿ, ಪೂರ್ತಿ ಮುಚ್ಚಿಬಿಡಿ.

ಅಂಚು ಒಂದು ಬದಿಯಲ್ಲಿ ಚೂರಿಯಿಂದ ಕೊಯ್ದ ಹಾಗೆ ನೇರ ನಿಂತರೆ ಗಾಬರಿಯಾಗಬೇಡಿ. ಲೇಯರ್ ಚಿಕ್ಕದಾಗಿದೆ ಎಂದಷ್ಟೇ ಅರ್ಥ. 'ಲೇಯರ್ ಟು ಇಮೇಜ್ ಸೈಜ್' ಒತ್ತಿ ಮತ್ತೆ ತುಂಬಿದರೆ ಸರಿ. ಚಿತ್ರವೇ ಚಿಕ್ಕದಾಗಿದ್ದರೆ ಕ್ಯಾನ್ವಾಸ್ ದೊಡ್ಡದು ಮಾಡಬೇಕು. ವೇಷದ ಪಾದ ಫೋಟೋದ ಅಂಚಿಗೇ ತಾಗಿದ್ದರೆ ಯಾವ ಸಾಫ್ಟ್‌ವೇರೂ ಉಪಾಯ ಹೇಳುವುದಿಲ್ಲ. ಅದನ್ನು ಫ್ಲೆಕ್ಸಿನ ಕೆಳ ಅಂಚಿಗೆ ಕೂರಿಸಿಬಿಡುವುದೇ ದಾರಿ.

ಫೋಟೋಶಾಪ್‌ನವರಿಗೆ ಇದು ಸುಲಭ. ಲೇಯರ್ ಮೇಲೆ ಎರಡು ಸಲ ಕ್ಲಿಕ್ ಮಾಡಿ 'ಸ್ಟ್ರೋಕ್' ಆರಿಸಿ. 'ಔಟ್‌ಸೈಡ್' ಕೊಟ್ಟರೆ ವಸ್ತು ಉಳಿಯುತ್ತದೆ, ಮೂಲೆಗಳು ಉರುಟಾಗುತ್ತವೆ. 'ಇನ್‌ಸೈಡ್' ಕೊಟ್ಟರೆ ಮೂಲೆ ಚೂಪಾಗಿ ಉಳಿಯುತ್ತದೆ, ವಸ್ತು ಸವೆಯುತ್ತದೆ. ಈ ಸ್ಟ್ರೋಕ್‌ಗೆ ಇನ್ನೊಂದು ಉಪಯೋಗವಿದೆ. ಕತ್ತರಿಸಿದ ಚಿತ್ರದ ಸುತ್ತ ಕಣ್ಣಿಗೆ ಕಾಣದ ಚೂರುಗಳು ಉಳಿದಿರುತ್ತವೆ. ಸ್ವಲ್ಪ ಹೊತ್ತಿಗೆ 5 ಪಿಕ್ಸೆಲ್‌ನ ಕೆಂಪು ಸ್ಟ್ರೋಕ್ ಹಾಕಿ ನೋಡಿ. ಉಳಿದ ಒಂದೊಂದು ಚೂರಿನ ಸುತ್ತಲೂ ಕೆಂಪು ಬಳೆ ಮೂಡುತ್ತದೆ. ಅವನ್ನೆಲ್ಲ ಅಳಿಸಿ, ಕೆಂಪು ತೆಗೆದು, ಆಮೇಲೆ ನಿಜವಾದ ಅಂಚು ಹಾಕಿ.

ಎಷ್ಟು ದಪ್ಪ? ಇದನ್ನು ತೆರೆಯ ಮೇಲೆ ನೋಡಿ ತೀರ್ಮಾನಿಸಿದರೆ ಅಚ್ಚಾಗಿ ಬಂದಾಗ ಮೋಸ ಹೋಗುತ್ತೀರಿ. ಲೆಕ್ಕ ಹಾಕಿ. 300 ಡಿಪಿಐಯಲ್ಲಿ ಒಂದು ಇಂಚಿಗೆ 300 ಪಿಕ್ಸೆಲ್, ಅಂದರೆ 1 ಮಿಲಿಮೀಟರಿಗೆ ಸುಮಾರು 12. ಆಮಂತ್ರಣ ಪತ್ರಿಕೆಯಲ್ಲಿ 2 ಮಿಲಿಮೀಟರ್ ಅಂಚು ಬೇಕಾದರೆ 24 ಪಿಕ್ಸೆಲ್. ಅದೇ ಚಿತ್ರ 8 ಅಡಿಗೆ 4 ಅಡಿಯ ಫ್ಲೆಕ್ಸಿಗೆ 72 ಡಿಪಿಐಯಲ್ಲಿ ಹೋಗುತ್ತದೆ ಎನ್ನಿ, ಫೈಲು 6912ಕ್ಕೆ 3456 ಪಿಕ್ಸೆಲ್. ಅಲ್ಲಿ 24 ಪಿಕ್ಸೆಲ್ ಎಂದರೆ 8 ಮಿಲಿಮೀಟರ್ ಚಿಲ್ಲರೆ. ಕೈಯಲ್ಲಿ ಹಿಡಿದರೆ ದಪ್ಪವೇ. ಕುಂಬಳೆ ಪೇಟೆಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ನೂಲು. 60ರಿಂದ 70 ಪಿಕ್ಸೆಲ್ ಕೊಟ್ಟರೆ ಎರಡರಿಂದ ಎರಡೂವರೆ ಸೆಂಟಿಮೀಟರ್ ಆಗುತ್ತದೆ, ದೂರಕ್ಕೆ ಕಾಣುತ್ತದೆ.

ಅಂಚು ದಪ್ಪವಾದಷ್ಟೂ ಒಳ್ಳೆಯದೇ ಎಂದುಕೊಂಡು ಅದನ್ನೇ ಅಕ್ಷರಗಳಿಗೂ ಹಾಕುತ್ತೇವಲ್ಲ, ಅದರ ಬಗ್ಗೆ ಒಂದು ಮಾತು. ಇಂಗ್ಲಿಷಿನ ದೊಡ್ಡಕ್ಷರಗಳು ಅದನ್ನು ತಡೆದುಕೊಳ್ಳುತ್ತವೆ. ಕನ್ನಡಕ್ಕೆ ಕಷ್ಟ. ನಮ್ಮಲ್ಲಿ ಹಲವು ಅಕ್ಷರಗಳ ಅಲ್ಪಪ್ರಾಣ–ಮಹಾಪ್ರಾಣದ ವ್ಯತ್ಯಾಸ ನಿಂತಿರುವುದೇ ಪುಟ್ಟ ಸೀಳಿನ ಮೇಲೆ. 'ಮಧೂರು' ಎಂದು ಬರೆದು ದಪ್ಪ ಅಂಚು ಹಾಕಿದರೆ ಧಕಾರದ ಹೊಟ್ಟೆಯ ಸೀಳು ತುಂಬಿಹೋಗಿ ದೂರದಿಂದ 'ಮದೂರು' ಎಂದು ಓದಿಸುತ್ತದೆ. ಠಕಾರದ ಒಳಗಿನ ಚುಕ್ಕೆ ಮುದ್ದೆಯಾಗುತ್ತದೆ, ಒತ್ತಕ್ಷರ ಮೇಲಿನ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. ಅದಕ್ಕೆ ಅಕ್ಷರದ ಅಂಚು ಯಾವಾಗಲೂ ಅಕ್ಷರದ ಹಿಂದಿನ ಲೇಯರ್‌ನಲ್ಲೇ ಇರಲಿ, ಸೀಳಿನ ಅಗಲದ ಅರ್ಧಕ್ಕಿಂತ ಕಡಿಮೆ ಇರಲಿ. ಸಾಲುಗಳ ನಡುವೆ, ಅಕ್ಷರಗಳ ನಡುವೆ ಸ್ವಲ್ಪ ಜಾಗ ಹೆಚ್ಚಿಸಿ. ಗಡಿನಾಡಿನಲ್ಲಿ ಒಂದೇ ಫ್ಲೆಕ್ಸಿನಲ್ಲಿ ಕನ್ನಡವೂ ಮಲಯಾಳವೂ ಇರುತ್ತದೆ. ಎರಡರ ಗಾತ್ರ ಬೇರೆಯಾದರೆ ಅಂಚಿನ ದಪ್ಪವೂ ಬೇರೆಯೇ ಆಗಬೇಕು.

ಪ್ರೆಸ್ಸಿನಲ್ಲಿ ಕೋರೆಲ್‌ಡ್ರಾ ಬಳಸುವವರು ಇನ್ನೊಂದನ್ನು ಕಂಡಿರುತ್ತೀರಿ. ಹಳೆಯ ಕನ್ನಡ ಫಾಂಟಿನಲ್ಲಿ ಅಕ್ಷರಕ್ಕೆ ಔಟ್‌ಲೈನ್ ಕೊಟ್ಟೊಡನೆ ಗುಣಿತಾಕ್ಷರದ ಮಧ್ಯೆ ಅಡ್ಡಗೆರೆಗಳು ಹಾಯುತ್ತವೆ. ಆ ಫಾಂಟುಗಳಲ್ಲಿ ತಲೆಕಟ್ಟು, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ತುಂಡುಗಳು, ಒಂದರ ಮೇಲೊಂದು ಹತ್ತಿ ಕೂತಿರುತ್ತವೆ. ಔಟ್‌ಲೈನ್ ಪ್ರತಿ ತುಂಡಿನ ಸುತ್ತಲೂ ಬರುತ್ತದೆ. ಅಕ್ಷರವನ್ನು ಕರ್ವ್ (ಬರೀ ಗೆರೆಯ ಆಕಾರ) ಮಾಡಿ, ತುಂಡುಗಳನ್ನು ಬಿಡಿಸಿ, 'ವೆಲ್ಡ್' ಒತ್ತಿ ಒಂದೇ ಆಕಾರವಾಗಿ ಬೆಸೆದು, ಅನಂತರ ಔಟ್‌ಲೈನ್ ಕೊಡಿ. ಫೋಟೋಶಾಪ್‌ನ ಸ್ಟ್ರೋಕ್‌ನಲ್ಲಿ ಈ ತಾಪತ್ರಯವಿಲ್ಲ, ಅದು ತುಂಡುಗಳನ್ನಲ್ಲ, ಒಟ್ಟು ಆಕಾರವನ್ನು ನೋಡುತ್ತದೆ.

ಈಗ ಟೀಚರ ಗೆರೆಚಿತ್ರಕ್ಕೆ ಬರುವ. ಇಲ್ಲಿ ಬೆಳಕಿನ ಅಂಚು ಬೇಕು. ಗಿಂಪ್‌ನಲ್ಲಿ ಇದಕ್ಕೆಂದೇ ಹಲವು ಫಿಲ್ಟರ್‌ಗಳಿವೆ, ಫೋಟೋಶಾಪ್‌ನಲ್ಲಿ 'ಫೈಂಡ್ ಎಡ್ಜಸ್' ಇದೆ. ಇವೆಲ್ಲಕ್ಕಿಂತ ಹಿಡಿತ ಹೆಚ್ಚು ಸಿಗುವುದು ಭಾಗಾಕಾರದಲ್ಲಿ. ಹೌದು, ಮೂರನೇ ಕ್ಲಾಸಿನ ಭಾಗಾಕಾರವೇ. ಚಿತ್ರವನ್ನು ಕಪ್ಪುಬಿಳುಪು ಮಾಡಿ. ಲೇಯರ್‌ನ ಪ್ರತಿ ಮಾಡಿ. ಮೇಲಿನ ಪ್ರತಿಗೆ 'ಗಾಸಿಯನ್ ಬ್ಲರ್' ಹಾಕಿ ಮಸುಕು ಮಾಡಿ. ಅದರ 'ಮೋಡ್', ಅಂದರೆ ಕೆಳಗಿನ ಲೇಯರ್‌ನೊಡನೆ ಬೆರೆಯುವ ಬಗೆ, 'ಡಿವೈಡ್' ಎಂದು ಇಡಿ. ಬಿಳಿ ಕಾಗದದ ಮೇಲೆ ಪೆನ್ಸಿಲಿನಲ್ಲಿ ಬರೆದ ಹಾಗೆ ಗೆರೆ ಮೂಡುತ್ತದೆ.

ಏಕೆ ಮೂಡುತ್ತದೆ? ಸಪಾಟಾದ ಗೋಡೆಯಲ್ಲಿ ಚುಕ್ಕೆಯ ಬೆಳಕು 200 ಎನ್ನಿ. ಮಸುಕು ಮಾಡಿದರೂ ಸುತ್ತಲೂ 200 ಇರುವುದರಿಂದ ಅದು 200ರಲ್ಲೇ ಉಳಿಯುತ್ತದೆ. 200ನ್ನು 200ರಿಂದ ಭಾಗಿಸಿದರೆ 1, ಅಂದರೆ ಅಚ್ಚ ಬಿಳಿ. ಕಪ್ಪು ಗೋಡೆಯಾದರೂ ಅಷ್ಟೇ, 60ನ್ನು 60ರಿಂದ ಭಾಗಿಸಿದರೂ ಬಿಳಿ. ಅಂಚಿನಲ್ಲಿ ಮಾತ್ರ ಕಥೆ ಬೇರೆ. 60ರ ಪಕ್ಕ 200 ಇದ್ದರೆ ಮಸುಕಿನಲ್ಲಿ ಎರಡೂ ಬೆರೆತು 130 ಆಗುತ್ತದೆ. 60 ಭಾಗಿಸು 130 ಎಂದರೆ ಅರ್ಧಕ್ಕಿಂತ ಕಡಿಮೆ, ಬೂದು ಬಣ್ಣ. 200 ಭಾಗಿಸು 130 ಒಂದನ್ನು ಮೀರುತ್ತದೆ, ಹಾಗಾಗಿ ಬಿಳಿ. ಗೆರೆ ಯಾವಾಗಲೂ ಅಂಚಿನ ಕಪ್ಪು ಬದಿಗೇ ಬೀಳುವುದು ಇದಕ್ಕೇ. ಮಸುಕಿನ ಅಳತೆಯೇ ಗೆರೆಯ ದಪ್ಪ. 4000ಕ್ಕೆ 3000 ಪಿಕ್ಸೆಲ್‌ನ ಫೋಟೋಗೆ 8ರಿಂದ 12 ಕೊಟ್ಟು ನೋಡಿ. 3 ಕೊಟ್ಟರೆ ಕೂದಲೆಳೆ, 30 ಕೊಟ್ಟರೆ ಮಸಿ ಒರೆಸಿದ ಹಾಗೆ. ಆಮೇಲೆ ಲೇಯರ್‌ಗಳನ್ನು ಒಂದು ಮಾಡಿ 'ಲೆವೆಲ್ಸ್' ತೆರೆಯಿರಿ. ಕಪ್ಪಿನ ಕಡ್ಡಿಯನ್ನು 120ರ ಹತ್ತಿರ, ಬಿಳಿಯದನ್ನು 235ರ ಹತ್ತಿರ ತನ್ನಿ. ಬೂದು ಕರಗಿ ಗೆರೆ ಕಪ್ಪಾಗುತ್ತದೆ.

ಬಣ್ಣದ ವೇಷಕ್ಕೆ ಹೀಗೆ ಮಾಡಿದರೆ ಮುಖದಲ್ಲಿ ಏನಾಗುತ್ತದೆ ನೋಡಿ. ಅಕ್ಕಿಹಿಟ್ಟು, ಸುಣ್ಣದಿಂದ ಮುಖದ ಮೇಲೆ ಇಡುವ ಬಿಳಿ ಚುಕ್ಕೆಗಳಾದ ಚಿಟ್ಟಿ ಒಂದೊಂದಕ್ಕೂ ಒಂದೊಂದು ವೃತ್ತ. ಮಗು ಬಣ್ಣ ತುಂಬುವುದು ಎಲ್ಲಿ? ಅದಕ್ಕೆ ಮೊದಲೇ 'ಮೀಡಿಯನ್' ಬ್ಲರ್ ಕೊಡಬೇಕು, ಅಳತೆ ಒಂದು ಚಿಟ್ಟಿಯ ಗಾತ್ರಕ್ಕಿಂತ ತುಸು ದೊಡ್ಡದು. ಗಾಸಿಯನ್ ಎಲ್ಲವನ್ನೂ ಕಲಸುತ್ತದೆ. ಮೀಡಿಯನ್ ಸುತ್ತಲಿನ ಬೆಲೆಗಳನ್ನು ಸಾಲಾಗಿ ನಿಲ್ಲಿಸಿ ನಡುವಿನದನ್ನು ಎತ್ತಿಕೊಳ್ಳುತ್ತದೆ. ಬಿಡಿ ಚುಕ್ಕೆಗಳು ಮಾಯವಾಗುತ್ತವೆ, ದೊಡ್ಡ ಅಂಚು ಚೂಪಾಗಿ ಉಳಿಯುತ್ತದೆ. ಚಿಟ್ಟಿಯ ಸಾಲು ಒತ್ತಾಗಿದ್ದರೆ ಅದು ಒಂದೇ ಬಿಳಿ ಪಟ್ಟಿಯಾಗುತ್ತದೆ, ಗೆರೆಚಿತ್ರಕ್ಕೆ ಬೇಕಾದದ್ದೂ ಅದೇ.

ಫೋಟೋ ಎಲ್ಲಿಂದ ಬಂತು ಎಂದೂ ಕೇಳಿ. ವಾಟ್ಸ್‌ಆಪ್‌ನಲ್ಲಿ ಫೋಟೋ ಎಂದು ಕಳಿಸಿದ್ದನ್ನು ಅದು ಹಿಂಡಿ ಚಿಕ್ಕದು ಮಾಡಿರುತ್ತದೆ. ಹಾಗೆ ಹಿಂಡುವ ಬಗೆಯ ಹೆಸರು ಜೆಪೆಗ್, ಅದು ಚಿತ್ರವನ್ನು 8ಕ್ಕೆ 8 ಪಿಕ್ಸೆಲ್‌ನ ಚೌಕಗಳಾಗಿ ಕಡಿದು ಹಿಂಡುತ್ತದೆ. ಬರೀ ಕಣ್ಣಿಗೆ ಕಾಣದ ಆ ಚೌಕದ ಅಂಚುಗಳು ಗೆರೆಚಿತ್ರದಲ್ಲಿ ಜಾಲರಿಯಾಗಿ ಎದ್ದು ಬರುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಇಷ್ಟೆಲ್ಲ ಮಾಡಿದರೂ, ಬಣ್ಣ ತುಂಬುವ ಹಾಳೆಗೆ ಫಿಲ್ಟರ್‌ನ ಗೆರೆ ಎರಡನೇ ದರ್ಜೆಯದೇ. ಗೆರೆ ಅಲ್ಲಲ್ಲಿ ತುಂಡಾಗಿರುತ್ತದೆ, ದಪ್ಪ ಒಂದೇ ಸಮ ಇರುವುದಿಲ್ಲ. ಅದನ್ನು 40 ಶೇಕಡಕ್ಕೆ ತೆಳುವಾಗಿಸಿ ಕೆಳಗಿಟ್ಟು, ಮೇಲೆ ಪಾತ್‌ನಿಂದ ಹೊಸದಾಗಿ ಎಳೆಯಿರಿ. ಎ4 ಹಾಳೆಗೆ, 300 ಡಿಪಿಐಯಲ್ಲಿ, ಹೊರಗಿನ ಆಕಾರಕ್ಕೆ 12 ಪಿಕ್ಸೆಲ್, ಒಳಗಿನ ವಿವರಕ್ಕೆ 6. ಈ ಎರಡು ದಪ್ಪದಿಂದಲೇ ಕಿರೀಟ ಯಾವುದು, ಅದರೊಳಗಿನ ಕೆಲಸ ಯಾವುದು ಎಂದು ಮಗುವಿಗೆ ತಿಳಿಯುತ್ತದೆ. ಒಂದು ಗಂಟೆಯ ಕೆಲಸ ಹೌದು, ಆದರೆ ಒಮ್ಮೆ ಮಾಡಿಟ್ಟರೆ ಎಷ್ಟು ದೊಡ್ಡದಕ್ಕೂ ಹಿಗ್ಗಿಸಬಹುದು.

ಕೈಯಿಂದ ಎಳೆಯಲು ಆಗದ ವಸ್ತುವೂ ಇದೆ. ಅಡಿಕೆ ಮರದ ಸೋಗೆ. ಒಂದೊಂದು ಗರಿಗೂ ಪಾತ್ ಹಾಕುತ್ತಾ ಕೂತರೆ ಕೊಯ್ಲು ಮುಗಿದಿರುತ್ತದೆ. ಇಲ್ಲಿ ಬಣ್ಣದ ಚಾನೆಲ್ ಉಪಕಾರಕ್ಕೆ ಬರುತ್ತದೆ. ಗಿಂಪ್‌ನಲ್ಲಿ 'ಕಲರ್ಸ್', 'ಕಾಂಪೊನೆಂಟ್ಸ್', 'ಡೀಕಂಪೋಸ್' ಒತ್ತಿದರೆ ಕೆಂಪು, ಹಸಿರು, ನೀಲಿ ಮೂರೂ ಬೇರೆ ಬೇರೆ ಕಪ್ಪುಬಿಳುಪು ಲೇಯರ್‌ಗಳಾಗುತ್ತವೆ. ನೀಲಿಯನ್ನು ಮಾತ್ರ ಇಟ್ಟುಕೊಳ್ಳಿ. ಎಲೆಯಲ್ಲಿ ನೀಲಿ ಕಡಿಮೆ, ಆಕಾಶದಲ್ಲಿ ಧಾರಾಳ, ಬಿಳಿ ಮೋಡದಲ್ಲೂ ಧಾರಾಳ. ಹಾಗಾಗಿ ಎಲೆ ಕಪ್ಪು, ಉಳಿದದ್ದೆಲ್ಲ ಬೆಳ್ಳಗೆ. ಕೆಂಪು ಲೇಯರ್ ತೆಗೆದುಕೊಂಡರೆ ನೀಲಿ ಆಕಾಶವೂ ಕಪ್ಪಾಗಿ ಎಲೆಯೊಡನೆ ಬೆರೆತುಬಿಡುತ್ತದೆ. ನೀಲಿಗೆ 'ಥ್ರೆಶೋಲ್ಡ್' ಹಾಕಿ (ಒಂದು ಬೆಲೆಗಿಂತ ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ), ಆ ಬೆಲೆಯನ್ನು 120ರ ಆಸುಪಾಸಿನಲ್ಲಿ ಹಿಂದೆ ಮುಂದೆ ಮಾಡಿ. ಗರಿಗಳ ಆಕಾರ ಅಚ್ಚಾಗಿ ಸಿಗುತ್ತದೆ. ಮಧ್ಯಾಹ್ನದ ಫೋಟೋದಲ್ಲಿ ಎಲೆಯ ಮೇಲೆ ಬಿಸಿಲು ಮಿನುಗಿದಲ್ಲಿ ತೂತು ಬೀಳುತ್ತದೆ. ಸೂರ್ಯ ಮರದ ಹಿಂದಿರುವಾಗ ತೆಗೆದದ್ದಾದರೆ ಈ ಕಾಟವಿಲ್ಲ.

ಕೊನೆಗೆ ಸ್ಟಿಕ್ಕರಿನವರು. ಅವರ ಕತ್ತರಿಸುವ ಯಂತ್ರಕ್ಕೆ ಪಿಕ್ಸೆಲ್ ಬೇಡ, ವೆಕ್ಟರ್, ಅಂದರೆ ಪಾತ್‌ನಂಥ ಬಿಂದು–ಬಾಗುಗಳ ಗೆರೆ ಬೇಕು. ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ಆರಿಸಿ, ಶಿಫ್ಟ್, ಆಲ್ಟ್, 'ಬಿ' ಒಟ್ಟಿಗೆ ಒತ್ತಿದರೆ ಪಿಕ್ಸೆಲ್ ಚಿತ್ರವನ್ನು ವೆಕ್ಟರ್ ಮಾಡುವ 'ಟ್ರೇಸ್ ಬಿಟ್‌ಮ್ಯಾಪ್' ತೆರೆಯುತ್ತದೆ. ಇಲ್ಲಿ ಬಹಳ ಮಂದಿ ತಯಾರಾದ ಗೆರೆಚಿತ್ರವನ್ನೇ ಕೊಟ್ಟು ಎಡವುತ್ತಾರೆ. ಗೆರೆಗೂ ಅಗಲವಿದೆಯಲ್ಲ. ಟ್ರೇಸ್ ಅದರ ಎರಡೂ ಬದಿಗೆ ಒಂದೊಂದು ದಾರಿ ಮಾಡುತ್ತದೆ. ಬ್ಲೇಡು ಹೊರಬದಿಯಲ್ಲಿ ಒಮ್ಮೆ, ಒಳಬದಿಯಲ್ಲಿ ಒಮ್ಮೆ ಓಡುತ್ತದೆ. ಸ್ಟಿಕ್ಕರ್ ಬದಲು ಒಂದು ತೆಳ್ಳಗಿನ ಉಂಗುರ ಎದ್ದು ಕೈಗೆ ಬರುತ್ತದೆ. ಗೆರೆಯನ್ನು ಕೊಡಬೇಡಿ, ತುಂಬಿದ ನೆರಳನ್ನು ಕೊಡಿ. ಆಗಲೇ 'ಗ್ರೋ' ಮಾಡಿ ಬಿಳಿ ತುಂಬಿದ ಲೇಯರ್ ಇದೆಯಲ್ಲ, ಅದಕ್ಕೇ ಕಪ್ಪು ತುಂಬಿ, ಬೇರೆ ಎಲ್ಲ ಲೇಯರ್ ಮರೆಮಾಡಿ, ಪಿಎನ್‌ಜಿಯಾಗಿ ತೆಗೆದು ಟ್ರೇಸ್ ಮಾಡಿ. ಒಂದೇ ಮುಚ್ಚಿದ ದಾರಿ ಸಿಗುತ್ತದೆ. ಟ್ರೇಸ್ ಆದ ಮೇಲೆ ಕೆಳಗೆ ಮೂಲ ಚಿತ್ರ ಹಾಗೇ ಉಳಿದಿರುತ್ತದೆ, ಅದನ್ನು ಅಳಿಸಿ. ಕಂಟ್ರೋಲ್ ಮತ್ತು 'ಎಲ್' ಒತ್ತಿದರೆ ಬಿಂದುಗಳು ಕಡಿಮೆಯಾಗುತ್ತವೆ. ಒಂದು ಸಲ, ಹೆಚ್ಚೆಂದರೆ ಎರಡು ಸಲ. ಮೂರನೇ ಸಲ ಒತ್ತಿದರೆ ಕಿರೀಟದ ತುದಿ ಬೆಣ್ಣೆಯ ಹಾಗೆ ಕರಗಿರುತ್ತದೆ. ಚೂಪಾದ ಮೂಲೆಗಳಲ್ಲಿ ಬ್ಲೇಡು ತಿರುಗುವಾಗ ವಿನೈಲ್ ಎದ್ದು ಬರುವುದಿದೆ. ಅಂಥ ಕಡೆ ಮೂಲೆಯನ್ನು ಸ್ವಲ್ಪ ಉರುಟು ಮಾಡಿ, ಪೂರ್ತಿ ಶೀಟು ಓಡಿಸುವ ಮೊದಲು ಅಂಗೈಯಗಲದ ತುಂಡಿನಲ್ಲಿ ಒಂದನ್ನು ಕತ್ತರಿಸಿ ನೋಡಿ.